ಒಂದೂ ಮುಕ್ಕಾಲು ಗಂಟೆಯ ದಾರಿ

ಕಡ್ಡಿಯ ಫೋನು ಬಂದಾಗ ಮೀಸೆಯಣ್ಣ ಮನೆಯ ಮೆಟ್ಟಿಲ ಮೇಲೆ ಕೂತು ಮೊಮ್ಮಗಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಎರಡೂ ಕೈ ಕಪ್ಪಾಗಿದ್ದರಿಂದ ಹೆಂಡತಿಯೇ ಫೋನು ತಂದು ಅವನ ಕಿವಿಗೆ ಹಿಡಿದಳು.

“ಅಣ್ಣಾ, ನಾಳೆ ಗುರುವಾರ ಮದುವೆ. ನೀನು ಬಂದು ಸಾಕ್ಷಿ ಸಹಿ ಹಾಕ್ಬೇಕು.”

“ಯಾರ ಮದುವೆನೋ?”

“ನಂದೇ.”

ಮೀಸೆಯಣ್ಣ ಬಿದ್ದು ಬಿದ್ದು ನಕ್ಕ. ಕಡ್ಡಿಗೆ ಅರವತ್ತು ದಾಟಿತ್ತು. ಮದುವೆಯ ಮಾತೆತ್ತಿದರೆ ಸಾಕು, ಬಸ್ಸಿನ ಬಾನೆಟ್ ತೆಗೆದು ಅದರೊಳಗೆ ತಲೆ ತೂರಿಸಿಬಿಡುತ್ತಿದ್ದ ಆಸಾಮಿ ಅವನು. ಆದರೆ ಆ ಕಡೆಯಿಂದ ನಗು ಬರಲಿಲ್ಲ. ಗಂಟಲು ಸರಿಮಾಡಿಕೊಂಡ ಸದ್ದು ಬಂತು.

“ತಮಾಷೆ ಅಲ್ಲ ಅಣ್ಣಾ. ಹೋದ ತಿಂಗಳೇ ಆಫೀಸಲ್ಲಿ ಅರ್ಜಿ ಕೊಟ್ಟಾಗಿದೆ.”

“ಹೋದ ತಿಂಗಳೇ? ನಂಗೆ ಇವತ್ತು ಹೇಳ್ತಿದೀಯಾ? ಹುಡುಗಿ ಯಾರು?”

“ಹುಡುಗಿ ಏನಲ್ಲ, ನಮ್ಮ ವಯಸ್ಸಿನೋಳೇ. ನಿಂಗೂ ಗೊತ್ತಿರೋಳೇ. ಬಾ, ನೋಡುವೆಯಂತೆ,” ಎಂದವನೇ ಕಡ್ಡಿ ಫೋನಿಟ್ಟುಬಿಟ್ಟ.

ನಿಂಗೂ ಗೊತ್ತಿರೋಳೇ! ಮೀಸೆಯಣ್ಣ ಚೈನು ಬಿಟ್ಟು ಕೂತ. ತನಗೆ ಗೊತ್ತಿಲ್ಲದ ಹೆಂಗಸು ಕಡ್ಡಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಇಬ್ಬರೂ ಒಂದೇ ಬಸ್ಸು ಓಡಿಸಿದವರು. ಈ ಊರಿಂದ ಸಂಜೆ ಹೊರಟರೆ ದೇಶದ ಇನ್ನೊಂದು ಮೂಲೆಯಲ್ಲಿರುವ ಕಡ್ಡಿಯ ಊರು ಸೇರುವುದು ಮರುದಿನ ಸಂಜೆ. ಸಾವಿರ ಕಿಲೋಮೀಟರಿಗೂ ಮೇಲಿನ ದಾರಿ. ರಾತ್ರಿಯ ಸ್ಟೇರಿಂಗು ಮೀಸೆಯಣ್ಣನದು, ಹಗಲಿನದು ಕಡ್ಡಿಯದು. ದಪ್ಪ ಮೀಸೆ, ಬಡಕಲು ಮೈ, ಇವೆರಡನ್ನು ನೋಡಿ ಪ್ರಯಾಣಿಕರೇ ಇಬ್ಬರಿಗೂ ಹೆಸರಿಟ್ಟಿದ್ದರು. ಆ ಹೆಸರುಗಳು ಎಷ್ಟು ಅಂಟಿಕೊಂಡವೆಂದರೆ, ಸಂಬಳದ ದಿನ ಆಫೀಸಿನಲ್ಲಿ ಅಸಲಿ ಹೆಸರು ಕೂಗಿದರೆ ಇಬ್ಬರೂ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನೆ ನಿಂತಿರುತ್ತಿದ್ದರು.

“ಯಾರಿರಬಹುದೇ?” ಎಂದು ಹೆಂಡತಿಯನ್ನು ಕೇಳಿದ.

“ನಂಗೇನ್ರೀ ಗೊತ್ತು?” ಎಂದಳು ಅವಳು, ಫೋನಿಗಂಟಿದ ಎಣ್ಣೆಯನ್ನು ಸೆರಗಿನಿಂದ ಒರೆಸುತ್ತ. ಆದರೆ ಅವಳ ತುಟಿಯ ತುದಿ ಕುಣಿಯುತ್ತಿತ್ತು. ಆ ಕುಣಿತ ಮೀಸೆಯಣ್ಣನ ಕಣ್ಣಿಗೆ ಬೀಳಲಿಲ್ಲ.

ಈಗಿದ್ದ ಪ್ರಶ್ನೆ ಹೋಗುವುದು ಹೇಗೆ ಎಂಬುದು. ಎರಡೂ ಊರಿನಲ್ಲಿ ಪುಟ್ಟ ಪುಟ್ಟ ವಿಮಾನ ನಿಲ್ದಾಣಗಳಾಗಿ, ನಡುವೆ ನೇರ ವಿಮಾನ ಶುರುವಾದ ಮೇಲೆ ಬಸ್ಸಿನ ಸೀಟುಗಳು ಒಂದೊಂದಾಗಿ ಖಾಲಿಯಾದವು. ಕೊನೆಗೊಂದು ದಿನ ಆ ಬಸ್ಸೇ ನಿಂತುಹೋಯಿತು. ಮೀಸೆಯಣ್ಣನಿಗೆ ಇಲ್ಲಿ, ಕಡ್ಡಿಗೆ ಅಲ್ಲಿ ಊರೊಳಗಿನ ಬಸ್ಸು ಕೊಟ್ಟರು. ಆವತ್ತಿನಿಂದ ಮೀಸೆಯಣ್ಣನಿಗೆ ವಿಮಾನವೆಂದರೆ ಕಣ್ಣಲ್ಲಿ ಬಿದ್ದ ಕಸ. ತಲೆಯ ಮೇಲೆ ಸದ್ದಾದರೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ. ಆ ನಿಲ್ದಾಣದ ಬಾಗಿಲು ತುಳಿಯುವುದಿಲ್ಲವೆಂದು ನೆಂಟರಿಷ್ಟರ ಮುಂದೆಲ್ಲ ಸಾರಿದ್ದ.

“ಮೂರು ಬಸ್ ಬದಲಾಯಿಸ್ಕೊಂಡು ಹೋಗ್ತೀನಿ,” ಎಂದ.

“ಹೋಗಿ. ಶುಕ್ರವಾರ ಸಂಜೆ ಮುಟ್ತೀರಿ,” ಎಂದಳು ಹೆಂಡತಿ. “ಅಷ್ಟೊತ್ತಿಗೆ ಅವರಿಬ್ಬರಿಗೂ ಮೊದಲನೇ ಜಗಳ ಆಗಿ ರಾಜಿನೂ ಆಗಿರುತ್ತೆ.”

ಮಗಳು ಹಿಂದಿನ ಬೀದಿಯಲ್ಲೇ ಇದ್ದಳು. ಹಲ್ಲಿನ ಡಾಕ್ಟರ ಬಳಿ ಕೆಲಸ. ಅಮ್ಮ ಹೇಳಿ ಕಳಿಸಿದ್ದೇ ತಡ, ಸಂಜೆ ಬರುವಾಗ ಎರಡು ಟಿಕೆಟ್ ಮಾಡಿಸಿಯೇ ಬಂದಳು.

“ಅಪ್ಪಾ, ಒಂದೂ ಮುಕ್ಕಾಲು ಗಂಟೆ ಅಷ್ಟೇ. ಆರುನೂರ ಐವತ್ತು ಕಿಲೋಮೀಟರಂತೆ.”

ಮೀಸೆಯಣ್ಣ ಎದ್ದು ಕೂತ. “ಯಾವನು ಹೇಳಿದ್ದು ಆರುನೂರ ಐವತ್ತು? ಸಾವಿರದ ಮೇಲಿದೆ. ನನ್ನ ಸೊಂಟಾನ ಕೇಳು, ಹೇಳುತ್ತೆ!”

“ಅದು ರಸ್ತೇಲಿ ಅಪ್ಪಾ. ವಿಮಾನ ನೆಟ್ಟಗೆ ಹೋಗುತ್ತೆ.”

“ಹಾಗಾದ್ರೆ ಉಳಿದ ನಾನೂರು ಎಲ್ಲಿ ಹೋಯ್ತು?”

“ನೀವು ಗುಡ್ಡ ಸುತ್ತಿದ್ರಲ್ಲ, ಹೊಳೆ ಬಳಸಿದ್ರಲ್ಲ, ಅದೇ ನಾನೂರು,” ಎಂದು ಹೆಂಡತಿ ಒಳಗಿನಿಂದ ಕೂಗಿದಳು. “ಸುಮ್ನೆ ಆ ಮಗು ಪ್ರಾಣ ತಿನ್ಬೇಡಿ. ನೀಲಿ ಅಂಗಿ ಇಸ್ತ್ರಿಗೆ ಕೊಟ್ಟು ಬನ್ನಿ.”

ಅಂಗಿಯ ಮಾತು ಬಂತೆಂದರೆ ವಾದ ಮುಗಿಯಿತೆಂದೇ ಆ ಮನೆಯಲ್ಲಿ ಅರ್ಥ.

ಗುರುವಾರ ಬೆಳಿಗ್ಗೆ ಇಬ್ಬರೂ ನಿಲ್ದಾಣ ಸೇರಿದರು. ಹೊರಗಿನಿಂದ ಗಾಜಿನ ಗೋಡೆ, ದೊಡ್ಡ ಅಕ್ಷರಗಳು ಎಲ್ಲ ಇದ್ದರೂ ಒಳಗೆ ನೋಡಿದರೆ ಒಂದೇ ಹಜಾರ. ಸಾಲಾಗಿ ಕಬ್ಬಿಣದ ಕುರ್ಚಿಗಳು, ಮೂಲೆಯಲ್ಲಿ ಚಹಾದ ಯಂತ್ರ, ಚೀಲ ತೂಗುವ ಒಂದು ತಕ್ಕಡಿ. ಟಿಕೆಟ್ ನೋಡುವ ಹೆಂಗಸೇ ಚೀಲಕ್ಕೆ ಚೀಟಿ ಕಟ್ಟುತ್ತಿದ್ದಳು, ಅವಳೇ ಮೈಕಿನಲ್ಲಿ ಮಾತಾಡುತ್ತಿದ್ದಳು. ಇದನ್ನು ಕಂಡು ಮೀಸೆಯಣ್ಣನ ಸಿಟ್ಟು ಒಂದು ಮೆಟ್ಟಿಲು ಇಳಿಯಿತು. ಬಸ್ಸು ನುಂಗಿದ ರಾಕ್ಷಸನ ಹೊಟ್ಟೆ ಇಷ್ಟೇ ಇಷ್ಟು ಎಂದು ಅವನೆಣಿಸಿರಲಿಲ್ಲ.

ಕುಳಿತು ಬೆವರೊರೆಸಿಕೊಳ್ಳುವಷ್ಟರಲ್ಲಿ ಮೈಕು ಗೊರಗುಟ್ಟಿತು. ಕಡ್ಡಿಯ ಊರಿನಲ್ಲಿ ದಟ್ಟ ಮಂಜು, ವಿಮಾನ ಹೊರಡುವುದು ತಡ.

“ಮಂಜಿದ್ರೆ ಏನಂತೆ?” ಎಂದು ಮೀಸೆಯಣ್ಣ ಕೌಂಟರಿಗೇ ಹೋದ. “ನಾನು ಎಷ್ಟು ಮಂಜಲ್ಲಿ ಬಸ್ ಓಡಿಸಿಲ್ಲ? ಹಳದಿ ಲೈಟ್ ಹಾಕ್ಕೊಂಡು ನಿಧಾನಕ್ಕೆ ಹೋಗ್ಬೇಕು, ಅಷ್ಟೆ.”

“ಯಜಮಾನರೇ, ಇದು ನಿಧಾನಕ್ಕೆ ಹೋದ್ರೆ ಬಿದ್ದುಹೋಗುತ್ತೆ,” ಎಂದಳು ಕೌಂಟರಿನ ಹೆಂಗಸು, ಒಂದಿಷ್ಟೂ ಬೇಸರವಿಲ್ಲದೆ. ಮೀಸೆಯಣ್ಣ ವಾಪಸ್ ಬಂದು ಕುರ್ಚಿಯಲ್ಲಿ ಕೂತ.

ಹೊತ್ತು ಏರಿತು. ಮದುವೆ ನೋಂದಣಿ ಆಫೀಸು ಸಂಜೆ ಐದಕ್ಕೆ ಮುಚ್ಚುತ್ತದೆ. ಅಧಿಕಾರಿ ಮರುದಿನದಿಂದ ಎರಡು ವಾರ ರಜೆಯಂತೆ. ಕಡ್ಡಿ ಗಳಿಗೆಗೊಮ್ಮೆ ಫೋನು ಮಾಡಿದ. ಮೊದಲು, “ಇಲ್ಲಿ ಕೈ ಚಾಚಿದ್ರೆ ಕೈ ಕಾಣಲ್ಲ ಅಣ್ಣಾ” ಎಂದ. ಆಮೇಲೆ, “ಈಗ ಎದುರುಮನೆ ಕಾಣ್ತಿದೆ” ಎಂದ. ಊಟದ ಹೊತ್ತು ಮೀರಿದ ಮೇಲೆ, “ಬಿಸಿಲು ಬಿತ್ತು!” ಎಂದು ಕೂಗಿದ. ಮೀಸೆಯಣ್ಣ ಕೌಂಟರಿಗೆ ಓಡಿ, “ತಾಯೀ, ಅಲ್ಲಿ ಬಿಸಿಲು ಬಿದ್ದಿದೆಯಂತೆ, ಮದುಮಗನೇ ಹೇಳ್ದ, ಹೊರಡಿಸಿ!” ಎಂದ. ಹಜಾರದಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಾಗಲೇ, ಈ ಮೀಸೆಯವನು ಗೆಳೆಯನ ಮದುವೆಗೆ ಸಾಕ್ಷಿ ಹಾಕಲು ಹೊರಟವನೆಂದು ಎಲ್ಲರಿಗೂ ಗೊತ್ತಾಗಿತ್ತು. ಹೆಂಡತಿ ಅಕ್ಕಪಕ್ಕದವರಿಗೆ ಹೇಳಿ ಮುಗಿಸಿದ್ದಳು.

“ನೀವು ಅವರನ್ನ ಕೇಳ್ಕೊಂಡು ಬಂದಿದ್ದು ಒಳ್ಳೇದಾಯ್ತು,” ಎಂದಳು ಕೌಂಟರಿನ ಹೆಂಗಸು. “ನಮಗೂ ಈಗಷ್ಟೇ ಸುದ್ದಿ ಬಂತು. ಹತ್ತಿ, ಹತ್ತಿ.”

ವಿಮಾನ ಎರಡು ಫ್ಯಾನಿನ ಚಿಕ್ಕದು. ಮೀಸೆಯಣ್ಣ ಏಣಿ ಹತ್ತುವ ಮೊದಲು ಬಗ್ಗಿ ಅದರ ಚಕ್ರ ನೋಡಿದ. ಟೈರು ಹೊಸದಿತ್ತು, ಗಾಳಿ ಸರಿಯಾಗಿತ್ತು. ಎದ್ದು ನಿಂತಾಗ ಎದುರಿಗೆ ಬಿಳಿ ಅಂಗಿಯ ಹುಡುಗಿಯೊಬ್ಬಳು ನಿಂತಿದ್ದಳು. ಮಗಳಿಗಿಂತ ಚಿಕ್ಕವಳು. ಅವಳೇ ವಿಮಾನ ಓಡಿಸುವವಳು.

“ಏನು ನೋಡ್ತಿದೀರಿ ಅಂಕಲ್?”

“ಏನಿಲ್ಲಮ್ಮಾ. ನಾನೂ ಡ್ರೈವರ್ರೇ. ಸ್ವಲ್ಪ ಅರ್ಜೆಂಟಿದೆ. ಎಲ್ಲಾದ್ರೂ ಓವರ್‌ಟೇಕ್ ಮಾಡೋಕಾದ್ರೆ ಮಾಡು.”

ಅವಳು ನಗು ತಡೆದುಕೊಂಡು, “ಪ್ರಯತ್ನ ಪಡ್ತೀನಿ” ಎಂದಳು.

ಕಿಟಕಿಯ ಸೀಟು ಹೆಂಡತಿಯದು. ಮೀಸೆಯಣ್ಣ ನಡುವಿನ ದಾರಿಯ ಕಡೆ ಕೂತು, ವಿಮಾನ ಓಡುತ್ತ ಓಡುತ್ತ ನೆಲ ಬಿಟ್ಟಾಗ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿದ. ಹೆಂಡತಿ ಅವನ ಕೈ ಹಿಡಿದುಕೊಂಡಳು. ಭಯ ಅವಳಿಗೋ ಅವನಿಗೋ ಎಂದು ಇಬ್ಬರೂ ವಿಚಾರಿಸಲು ಹೋಗಲಿಲ್ಲ.

ಮೋಡದಿಂದ ಮೇಲೆ ಬಂದು ವಿಮಾನ ಸಮನಾಗಿ ಹಾರತೊಡಗಿದ ಮೇಲೆ ಅವನಿಗೆ ಧೈರ್ಯ ಬಂತು. ಹೆಂಡತಿಯ ಮೇಲೆ ಅರ್ಧ ಒರಗಿ ಕಿಟಕಿಯಲ್ಲಿ ಇಣುಕಿದ. ಮೋಡ ಹರಿದಲ್ಲೆಲ್ಲ ನೆಲ ಕಾಣುತ್ತಿತ್ತು.

“ನೋಡೇ, ಅದು ನಮ್ಮ ಹೊಳೆ! ಆ ಸೇತುವೆ ನೋಡು. ಒಂದು ಗಾಡಿ ಎದುರಿಗೆ ಬಂದ್ರೆ ಇನ್ನೊಂದು ನಿಂತ್ಕೋಬೇಕು. ನಾನು ಎಷ್ಟು ಸಲ ನಿಂತಿದೀನಿ ಅಲ್ಲಿ!”

“ಚೂರು ಆ ಕಡೆ ಸರೀರಿ, ನಂಗೂ ಕಾಣಲಿ.”

ಬೂದುಬಣ್ಣದ ದಾರದಂಥ ರಸ್ತೆ ಗುಡ್ಡದ ಸುತ್ತ ಸುತ್ತಿ ಆಚೆ ಹೋಗಿತ್ತು. ರಾತ್ರಿಯೆಲ್ಲ ಕಣ್ಣಿಗೆ ನೀರೆರಚಿಕೊಂಡು ಓಡಿಸಿದ ದಾರಿ ಅವನು ಎರಡು ಮಾತಾಡುವಷ್ಟರಲ್ಲಿ ಹಿಂದೆ ಸರಿಯುತ್ತಿತ್ತು. ಸಿಟ್ಟು ಬರಬಹುದೆಂದು ಅವನೇ ಅಂದುಕೊಂಡಿದ್ದ. ಬಂದದ್ದು ಬೇರೇನೋ. ಆಲ್ಬಮ್ಮಿನಲ್ಲಿ ತನ್ನದೇ ಹಳೆಯ ಫೋಟೋ ಕಂಡವನ ಹಾಗೆ ಹಿಗ್ಗಿ, ಇದು ನೋಡು, ಅದು ನೋಡು ಎಂದು ತೋರಿಸುತ್ತಲೇ ಹೋದ. ಗುಡ್ಡ ದಾಟಿದ ಮೇಲೆ ಬಯಲು ಬಂತು. ಬಯಲಿನಲ್ಲಿ ರಸ್ತೆಗಂಟಿಕೊಂಡು ಎರಡು ಮರ, ಒಂದು ತಗಡಿನ ಚಾವಣಿ ಬಿಸಿಲಿಗೆ ಹೊಳೆಯಿತು.

“ಅದೇ ಅಲ್ವಾ ನೀವು ಬೆಳಿಗ್ಗೆ ನಿಲ್ಲಿಸ್ತಿದ್ದ ಹೋಟೆಲು?” ಎಂದಳು ಹೆಂಡತಿ.

“ಇರಬಹುದು. ಅರ್ಧ ದಾರಿಗೆ ಸರಿಯಾಗಿತ್ತು ಅದು.”

“ಯಾರ್ರೀ ನಡೆಸ್ತಿದ್ದಿದ್ದು?”

“ಯಾರೋ ಕ್ಯಾಂಟೀನಕ್ಕ ಅಂತಿದ್ರು ಪ್ರಯಾಣಿಕರು. ನಾನೆಲ್ಲಿ ನೋಡಿದೀನಿ? ಬೆಳಕು ಹರಿಯೋ ಹೊತ್ತಿಗೆ ಅಲ್ಲಿ ಬಸ್ ನಿಲ್ಲಿಸಿ, ಸ್ಟೇರಿಂಗು ಕಡ್ಡಿಗೆ ಕೊಟ್ಟು, ಸೀಟಿನ ಹಿಂದೆ ಬಿದ್ಕೊಂಡ್ರೆ ನಂಗೆ ಎಚ್ಚರ ಆಗ್ತಿದ್ದಿದ್ದು ಎರಡು ಊರು ದಾಟಿದ ಮೇಲೆ. ಅಷ್ಟೊತ್ತಿಗೆ ಕಡ್ಡಿ ಫ್ಲಾಸ್ಕಲ್ಲಿ ಚಹಾ ಇಟ್ಟಿರ್ತಿದ್ದ.”

“ಕಡ್ಡಿ ಅಲ್ಲಿ ಏನು ಮಾಡ್ತಿದ್ದ?”

“ಮುಖ ತೊಳ್ಕೊಂಡು ತಲೆ ಬಾಚ್ಕೋತಿದ್ದ. ಬಾಚ್ತಿದ್ದ, ಬಾಚ್ತಿದ್ದ, ನಾಲ್ಕು ಕೂದಲಿಗೆ ಅಷ್ಟೊತ್ತು! ಡ್ಯೂಟಿ ಅಂದ್ರೆ ಬಹಳ ಶಿಸ್ತು ಅವನಿಗೆ.”

ಹೆಂಡತಿ ಅವನ ಕಡೆ ತಿರುಗಿ ಹುಬ್ಬೇರಿಸಿದಳು. ಮೀಸೆಯಣ್ಣ ಕಿಟಕಿಯ ಕಡೆ ನೋಡಿದ. ತಗಡಿನ ಚಾವಣಿ ಆಗಲೇ ರೆಕ್ಕೆಯ ಕೆಳಗೆ ಹೋಗಿತ್ತು.

“ಅಯ್ಯೋ! ಕ್ಯಾಂಟೀನಕ್ಕ!” ಎಂದ, ಇಡೀ ವಿಮಾನಕ್ಕೆ ಕೇಳುವಂತೆ.

ಮುಂದಿನ ಸಾಲಿನವರು ತಿರುಗಿ ನೋಡಿದರು. ಗಗನಸಖಿ ಗಾಬರಿಯಿಂದ ಬಂದು ನೀರು ಬೇಕೇ ಎಂದು ಕೇಳಿದಳು.

“ಏನೂ ಬೇಡಮ್ಮಾ,” ಎಂದಳು ಹೆಂಡತಿ. “ಇವರಿಗೆ ಈಗ ಎಚ್ಚರ ಆಯ್ತು, ಅಷ್ಟೆ.”

“ನಿಂಗೆ ಗೊತ್ತಿತ್ತಾ?”

“ಒಂದು ಸಲ ನಾನೂ ನಿಮ್ಮ ಜೊತೆ ಬಂದಿದ್ದೆನಲ್ಲ, ಮಗಳು ಹುಟ್ಟೋ ಮುಂಚೆ... ಅಲ್ಲ, ಅವಳು ಸ್ಕೂಲಿಗೆ ಹೋಗೋವಾಗ. ನೀವು ಮಲಗಿದ್ರಿ. ನಾನು ಕಡ್ಡಿ ಜೊತೆ ಇಳಿದು ತಿಂಡಿಗೆ ಹೋದೆ. ಆಕೆ ಎಲ್ಲರಿಗೂ ಏನು ಬೇಕು ಅಂತ ಕೇಳ್ತಿದ್ಲು. ಅವನನ್ನ ಕೇಳಲಿಲ್ಲ. ತಟ್ಟೆ ತಂದು ಮುಂದೆ ಇಟ್ಲು. ಅವನೂ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.”

“ಮತ್ತೆ ನಂಗೆ ಯಾಕೆ ಹೇಳಲಿಲ್ಲ?”

“ಅವನೇ ಹೇಳ್ತಾನೆ ಅಂದ್ಕೊಂಡೆ. ಇಷ್ಟು ವರ್ಷ ಹಿಡೀತಾನೆ ಅಂತ ಯಾರಿಗೆ ಗೊತ್ತಿತ್ತು?”

ಮೀಸೆಯಣ್ಣ ಸೀಟಿಗೊರಗಿದ. ಕಡ್ಡಿಯ ಬಗ್ಗೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವನು ನಂಬಿದ್ದ. ಯಾವ ಗೇರಿಗೆ ಅವನ ಕೈ ತಡವರಿಸುತ್ತದೆ, ಜ್ವರ ಬಂದರೆ ಏನು ಬಡಬಡಿಸುತ್ತಾನೆ, ಅವ್ವ ಸತ್ತ ದಿನ ಎಲ್ಲಿ ಬಸ್ಸು ನಿಲ್ಲಿಸಿ ಅತ್ತಿದ್ದ, ಎಲ್ಲ ಗೊತ್ತಿತ್ತು. ಆದರೆ ಅವನ ಬದುಕಿನ ಅತಿ ದೊಡ್ಡ ಸಂಗತಿ ನಡೆಯುವಾಗ, ದಿನ ಬಿಟ್ಟು ದಿನ, ಮಾರು ದೂರದಲ್ಲಿ ತಾನು ಮುಖದ ಮೇಲೆ ಟವೆಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ನಗು ಬಂತು, ಅದರ ಬೆನ್ನಿಗೇ ಅವನು ಮುಖ ತಿರುಗಿಸಿಕೊಂಡ.

“ಸಿಟ್ಟು ಮಾಡ್ಕೋಬೇಡಿ,” ಎಂದಳು ಹೆಂಡತಿ.

“ಸಿಟ್ಟಿಲ್ಲ ಕಣೇ. ಅವನು ಒಬ್ಬನೇ ಹೇಗೆ ತಡ್ಕೊಂಡ ಅಂತ.”

ವಿಮಾನ ಇಳಿದಾಗ ನಾಲ್ಕು ದಾಟಿತ್ತು. ಏಣಿಯ ಬುಡದಲ್ಲಿ ಬಿಳಿ ಅಂಗಿಯ ಹುಡುಗಿ, “ಗಾಳಿ ನಮ್ಮ ಕಡೆ ಇತ್ತು ಅಂಕಲ್, ಸ್ವಲ್ಪ ಬೇಗ ಬಂದ್ವಿ,” ಎಂದಳು. ಮೀಸೆಯಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. ಅವಳ ಟೋಪಿ ಓರೆಯಾಯಿತು.

ಈ ಊರಿನ ನಿಲ್ದಾಣ ಆ ಊರಿನದರ ತಮ್ಮನ ಹಾಗಿತ್ತು, ಅದೇ ಗಾಜು, ಅದೇ ಕಬ್ಬಿಣದ ಕುರ್ಚಿ. ಗೇಟಿನಲ್ಲಿ ಕಡ್ಡಿ ನಿಂತಿದ್ದ, ಹೊಸ ಬಿಳಿ ಅಂಗಿಯೊಳಗೆ ಮೊದಲಿಗಿಂತ ಬಡಕಲಾಗಿ. ಮೀಸೆಯಣ್ಣ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ ಅವನನ್ನು ಕಂಡಕೂಡಲೇ ಕಾಲುಕಿತ್ತವು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಬಿಡಲು ಹೊಳೆಯದೆ ನಿಂತೇ ಇದ್ದರು.

“ತಬ್ಬಿದ್ದು ಸಾಕು, ಆಫೀಸು ಮುಚ್ಚುತ್ತೆ!” ಎಂದಳು ಹೆಂಡತಿ.

“ಬನ್ನಿ ಅತ್ತಿಗೆ, ಬನ್ನಿ,” ಎನ್ನುತ್ತ ಕಡ್ಡಿ ತನ್ನ ಹಳೆಯ ಪುಟ್ಟ ಕಾರಿನ ಬಾಗಿಲು ತೆಗೆದ. ಮುಂದೆ ಕೂತ ಮೀಸೆಯಣ್ಣ ಮೊದಲ ತಿರುವಿನವರೆಗೆ ಸಹಿಸಿದ. ಎರಡು ಸಲ ಗಾಡಿ ಬಂದ್ ಬಿತ್ತು. ಇಪ್ಪತ್ತು ವರ್ಷ ದೊಡ್ಡ ಬಸ್ಸು ಓಡಿಸಿದವನು ಮದುವೆಯ ದಿನ ಕ್ಲಚ್ಚು ಮರೆತಿದ್ದ.

“ಇಳಿಯೋ. ಈ ಕಡೆ ಬಾ.”

“ನಿಂಗೆ ದಾರಿ ಗೊತ್ತಿಲ್ಲ ಅಣ್ಣಾ.”

“ನೀನು ದಾರಿ ಹೇಳು, ನಾನು ಓಡಿಸ್ತೀನಿ.”

ಹಾಗೆ ಮೀಸೆಯಣ್ಣ ಗೊತ್ತಿಲ್ಲದ ಬೀದಿಗಳಲ್ಲಿ ಹಾರ್ನ್ ಮೇಲಿನ ಕೈ ತೆಗೆಯದೆ, ಕಡ್ಡಿ “ಎಡಕ್ಕೆ, ಅಯ್ಯೋ ಎಡಕ್ಕೆ” ಎಂದು ಕೂಗುತ್ತಿರಲು, ಹಿಂದೆ ಹೆಂಡತಿ ಎರಡೂ ಸೀಟು ಹಿಡಿದುಕೊಂಡಿರಲು, ನೋಂದಣಿ ಆಫೀಸಿನ ಮುಂದೆ ಗಾಡಿ ತಂದು ನಿಲ್ಲಿಸಿದ.

ಒಳಗೆ ಜವಾನ ಆಗಲೇ ಕಿಟಕಿಗಳನ್ನು ಮುಚ್ಚುತ್ತಿದ್ದ. ಆದರೆ ಅಧಿಕಾರಿ ಹೋಗುವಂತಿರಲಿಲ್ಲ. ಅವರ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ದುಂಡನೆಯ ಹೆಂಗಸೊಬ್ಬಳು ಕೂತಿದ್ದಳು. ಹಸಿರು ಸೀರೆ, ನರೆತ ಕೂದಲು, ಇಡೀ ಕಟ್ಟಡಕ್ಕೆ ಕೇಳುವ ದನಿ. ಅಧಿಕಾರಿಯ ಬೆನ್ನುನೋವಿಗೆ ಯಾವ ಎಣ್ಣೆ ತಿಕ್ಕಬೇಕು, ಎಷ್ಟು ಬೆಚ್ಚಗಿರಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂದು ಒಂದು ಗಂಟೆಯಿಂದ ಹೇಳುತ್ತಿದ್ದಳಂತೆ. ಅವರೂ ಪೆನ್ನಿನ ಮುಚ್ಚಳ ಹಾಕಿಕೊಂಡು, ಏಳುವುದು ಮರೆತು ಕೇಳುತ್ತಿದ್ದರು.

ಮೀಸೆಯಣ್ಣ ಬಾಗಿಲಲ್ಲಿ ನಿಂತ. ಅವಳು ತಿರುಗಿ, ಅವನ ಮುಖವನ್ನು ಆ ಕಡೆಯಿಂದ ಈ ಕಡೆಗೆ ನೋಡಿ, ಗಟ್ಟಿಯಾಗಿ ನಕ್ಕಳು.

“ಓಹೋ! ಕಣ್ಣು ಬಿಟ್ಟಾಗ ಹೀಗಿರ್ತೀರಾ ನೀವು?”

ಮೀಸೆಯಣ್ಣ ಮೀಸೆ ನೀವಿಕೊಂಡ.

“ಇಪ್ಪತ್ತು ವರ್ಷ ನೋಡಿದೀನಿ ನಿಮ್ಮನ್ನ. ಟವೆಲ್ ಕೆಳಗೆ ಮೀಸೆ ಏಳೋದು, ಬೀಳೋದು. ಗೊರಕೆ ಜೋರಾಗಿದ್ರೆ ರಾತ್ರಿ ರಸ್ತೆ ಕೆಟ್ಟಿತ್ತು ಅಂತ ಲೆಕ್ಕ. ಆವತ್ತು ಫ್ಲಾಸ್ಕಿಗೆ ಒಂದು ಲೋಟ ಜಾಸ್ತಿ ಹಾಕ್ತಿದ್ದೆ.”

“ಆ ಚಹಾ ನಿಮ್ಮದಾ?”

“ಮತ್ತೆ ಇವರು ಕಾಯಿಸ್ತಿದ್ರು ಅಂದ್ಕೊಂಡ್ರಾ? ಇವರಿಗೆ ನೀರು ಕುದ್ದಿದ್ದೂ ಗೊತ್ತಾಗಲ್ಲ.”

ಆ ಚಹಾವನ್ನು ಮೀಸೆಯಣ್ಣ ಊರಲ್ಲೆಲ್ಲ ಹೊಗಳಿದ್ದ. ಕಡ್ಡಿ ಎಲ್ಲಿಂದಲೋ ಕೊಂಡು ತರುತ್ತಾನೆ, ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ ಎಂದು ಹೆಂಡತಿಯ ಮುಂದೆಯೂ ಹೇಳಿ ಬೈಸಿಕೊಂಡಿದ್ದ. ತಾನು ಮುಖವನ್ನೇ ನೋಡದ ಒಬ್ಬಳು ಅಷ್ಟು ವರ್ಷ ತನ್ನ ಎಚ್ಚರಕ್ಕೆ ಬಿಸಿ ಚಹಾ ಕಟ್ಟಿಕೊಟ್ಟಿದ್ದಳು. ಅವನ ಕೈ ತಾನಾಗಿಯೇ ಮುಗಿದುಕೊಂಡಿತು.

“ಅಯ್ಯೋ, ಕೈ ಮುಗೀಬೇಡಿ, ಸಹಿ ಹಾಕಿ,” ಎಂದಳು ಕ್ಯಾಂಟೀನಕ್ಕ. “ಇವರು ಯಾರನ್ನಾದ್ರೂ ಕರ್ಕೊಂಡು ಬಂದು ಸಹಿ ಹಾಕಿಸಿಬಿಡೋಣ ಅಂದ್ರು. ನಿಮಗೆ ಹೇಳೋಕೆ ನಾಚಿಕೆಯಂತೆ! ನಾನು ಹೇಳ್ದೆ, ಆ ಮಲಗಿದ್ದ ಮನುಷ್ಯ ಎದ್ದು ಬಂದ್ರೆ ಮಾತ್ರ ಮದುವೆ, ಇಲ್ದಿದ್ರೆ ಇಲ್ಲ.”

ಅಧಿಕಾರಿ ಪೆನ್ನು ಕೊಟ್ಟರು. ಮೀಸೆಯಣ್ಣ ಸಹಿ ಹಾಕಿದ. ಹೆಂಡತಿಯೂ ಹಾಕಿದಳು. ಮೂರನೆಯವನಾಗಿ ಜವಾನ, ಕಿಟಕಿ ಮುಚ್ಚುವುದು ಬಿಟ್ಟು ಬಂದು, ತಾನೇ ಹುಡುಗನ ಕಡೆಯ ಹಿರಿಯನೆಂಬಂತೆ ಗಂಭೀರವಾಗಿ ಹಾಕಿದ. ಕಡ್ಡಿಯ ಸರದಿ ಬಂದಾಗ ಅವನು ಮೊದಲು ಜೇಬಿನಿಂದ ಬಾಚಣಿಗೆ ತೆಗೆದ. ನೋಡಿದವರೆಲ್ಲ ನಕ್ಕರು, ಕ್ಯಾಂಟೀನಕ್ಕ ಮಾತ್ರ ನಗದೆ, ಅವನು ಬಾಚಿ ಮುಗಿಸುವವರೆಗೆ ಕಾದಳು.

ಸಂಜೆ ನಾಲ್ವರೂ ಅವಳ ಮನೆಯ ಅಡುಗೆಕೋಣೆಯಲ್ಲೇ ನೆಲಕ್ಕೆ ಕೂತರು. ಬಸ್ಸು ನಿಂತ ಮೇಲೆ ಆ ಹೋಟೆಲು ನಡೆಯಲಿಲ್ಲವಂತೆ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ, ಇಬ್ಬರು ತಂಗಿಯರು ಅವಳ ಕೈಯಲ್ಲಿದ್ದರು. ಅವರು ಒಂದು ದಡ ಸೇರುವವರೆಗೆ ಮದುವೆಯ ಮಾತು ಎತ್ತಬಾರದೆಂದು ಕಡ್ಡಿಗೆ ಹೇಳಿದ್ದಳು. ಅವನು ಎತ್ತಲಿಲ್ಲ. ಅವನ ರಜೆಯ ದಿನಗಳೆಲ್ಲ ಅರ್ಧ ದಾರಿಯವರೆಗೆ ಬೈಕಿನಲ್ಲಿ ಹೋಗಿ ಬರುವುದರಲ್ಲೇ ಕಳೆದವು. ಚಿಕ್ಕ ತಂಗಿಗೆ ಈ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಅಕ್ಕನನ್ನೂ ಕರೆದುಕೊಂಡು ಬಂದಾಗ, “ಇನ್ನೇನು ಕಾಯ್ತಿದೀರಾ?” ಎಂದು ಇಬ್ಬರನ್ನೂ ಕೂರಿಸಿ ಕೇಳಿದವಳೂ ಆ ತಂಗಿಯೇ. ಈ ದಿನ ಮಾತ್ರ ಅವಳಿಗೆ ಆಸ್ಪತ್ರೆಯಿಂದ ರಜೆ ಸಿಕ್ಕಿರಲಿಲ್ಲ.

ಹೆಂಗಸರು ತಟ್ಟೆಗಳನ್ನೆತ್ತುವಾಗ ಮೀಸೆಯಣ್ಣ ಕಡ್ಡಿಯನ್ನು ಹೊರಗಿನ ಕಟ್ಟೆಗೆ ಎಳೆದುಕೊಂಡು ಹೋದ.

“ಅಲ್ವೋ, ನಂಗೆ ಒಂದು ಮಾತು ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?”

“ಹೇಗೆ ಹೇಳ್ಲಿ ಅಣ್ಣಾ? ಇಡೀ ರಾತ್ರಿ ಬಸ್ ಓಡಿಸಿ ಮಲಗಿದೋನನ್ನ ಎಬ್ಬಿಸಿ, ನಂಗೊಬ್ಬಳು ಇಷ್ಟ ಆಗಿದಾಳೆ ಅನ್ನೋಕಾಗುತ್ತಾ?”

“ಒಂದು ದಿನಾನಾದ್ರೂ ಎಬ್ಬಿಸ್ಬಹುದಿತ್ತು!”

“ಎಬ್ಬಿಸಿದ್ದೆ.”

“ಯಾವಾಗ?”

“ಬಹಳ ಹಿಂದೆ. ಅವಳು ಮೊದಲ ಸಲ ನನ್ನ ಹತ್ರ ಕೂತು ಮಾತಾಡಿದ ದಿನ. ತಡೆಯೋಕಾಗದೆ ನಿನ್ನ ಭುಜ ಅಲುಗಾಡಿಸಿ, ‘ಅಣ್ಣಾ, ಒಂದು ವಿಷ್ಯ ಇದೆ’ ಅಂದೆ. ನೀನು, ‘ಟೈರಿಗೆ ಗಾಳಿ ಹಾಕಿಸ್ಕೋ’ ಅಂತ ಹೇಳಿ ಆ ಮಗ್ಗುಲಾದೆ.”

ಮೀಸೆಯಣ್ಣ ಅವನ ಮುಖವನ್ನೇ ದಿಟ್ಟಿಸಿದ. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ಹತ್ತಿತು. ಕಟ್ಟೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಳಗಿದ್ದ ಹೆಂಗಸರು ಬಾಗಿಲಿಗೆ ಬಂದು ನೋಡಿ, ಇವರಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರು.

“ಹಾಕಿಸಿದ್ಯಾ?” ಎಂದ ಮೀಸೆಯಣ್ಣ, ಉಸಿರು ಬಂದ ಮೇಲೆ.

“ಏನು?”

“ಗಾಳಿ.”

“ಹಾಕಿಸ್ದೆ ಅಣ್ಣಾ. ನಿನ್ನ ಮಾತು ಯಾವತ್ತು ಮೀರಿದೀನಿ?”

ಮರುದಿನಕ್ಕೇ ವಾಪಸ್ ಟಿಕೆಟ್ಟಿತ್ತು. ಹೋಗಲಿಲ್ಲ. ಮಗಳಿಗೆ ಫೋನು ಮಾಡಿ ದಿನ ಮುಂದೂಡಿಸಿದರು. ಮೂರನೇ ದಿನ ಬೆಳಗಿನ ತಿಂಡಿಗೆ ಕೂತಾಗ ಕ್ಯಾಂಟೀನಕ್ಕ ಒಂದು ಹೊಸ ಬೇಡಿಕೆ ಇಟ್ಟಳು.

“ಮನೇಲಿ ಇಬ್ಬಿಬ್ಬರು ಡ್ರೈವರ್ ಇದೀರಾ. ನಾನು ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗೋದು ಚೆನ್ನಾಗಿರುತ್ತಾ? ನಂಗೆ ಕಾರು ಕಲಿಸಿ.”

ವಿಮಾನ ನಿಲ್ದಾಣದ ಬೇಲಿಯ ಪಕ್ಕ ದೊಡ್ಡ ಬಯಲಿತ್ತು. ಅಲ್ಲಿಗೆ ಹೋದರು. ಸ್ಟೇರಿಂಗಿನ ಹಿಂದೆ ಕ್ಯಾಂಟೀನಕ್ಕ, ಪಕ್ಕದಲ್ಲಿ ಕಡ್ಡಿ, ಹಿಂದೆ ಮೀಸೆಯಣ್ಣ ಮತ್ತು ಹೆಂಡತಿ.

“ನಿಧಾನಕ್ಕೆ ಕ್ಲಚ್ ಬಿಡು,” ಎಂದ ಕಡ್ಡಿ.

“ಬೇಡ, ಮೊದಲು ಕನ್ನಡಿ ನೋಡಮ್ಮಾ,” ಎಂದ ಮೀಸೆಯಣ್ಣ.

“ಬಯಲಲ್ಲಿ ಕನ್ನಡಿ ಯಾಕೆ ಅಣ್ಣಾ? ಹಿಂದೆ ಯಾರಿದಾರೆ?”

“ಅಭ್ಯಾಸ ಆಗ್ಬೇಡ್ವಾ? ನೀನು ಕಲಿಯೋವಾಗ್ಲೂ ಹೀಗೇ ಅಂದಿದ್ದೆ, ಆಮೇಲೆ ಶೆಡ್ಡಿನ ಗೋಡೆಗೆ ಕೊಟ್ಟೆ!”

“ಅದು ನಿನ್ನ ತಪ್ಪು. ನೀನೇ ಹಿಂದೆ ಬಾ, ಬಾ ಅಂದಿದ್ದು.”

ಇಬ್ಬರ ದನಿಯೂ ಏರಿತು. ಕ್ಯಾಂಟೀನಕ್ಕ ಕನ್ನಡಿಯಲ್ಲಿ ಮೀಸೆಯಣ್ಣನ ಹೆಂಡತಿಯ ಕಣ್ಣನ್ನು ಹುಡುಕಿ, “ಇಳಿಸಿಬಿಡೋಣ್ವಾ ಅಕ್ಕಾ?” ಎಂದಳು.

“ಇಳಿಸು ತಂಗೀ.”

ಇಬ್ಬರು ಡ್ರೈವರುಗಳೂ ಬಯಲಿನಲ್ಲಿ ಇಳಿದು ನಿಂತರು. ಹೆಂಡತಿ ಮುಂದಿನ ಸೀಟಿಗೆ ಬಂದು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು. ಅವಳಿಗೆ ಕಾರಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಅವಳು ಏನನ್ನೂ ಹೇಳಲಿಲ್ಲ. ಕಾರು ಒಮ್ಮೆ ಕಪ್ಪೆಯಂತೆ ಹಾರಿತು, ಎರಡನೇ ಸಲ ಹಾರಿತು, ಆಮೇಲೆ ಮೆಲ್ಲಗೆ, ಬೇಲಿಯ ಪಕ್ಕದಲ್ಲೇ ನೆಟ್ಟಗೆ ಹೊರಟಿತು. ಒಳಗಿನಿಂದ ಇಬ್ಬರು ಹೆಂಗಸರ ಕಿರುಚಾಟ, ನಗು ಕೇಳಿಬಂತು.

“ಸೆಕೆಂಡ್ ಗೇರ್!” ಎಂದು ಕೂಗುತ್ತ ಕಡ್ಡಿ ಹಿಂದೆ ಓಡಿದ.

“ಬಿಡೋ, ಹೋಗ್ಲಿ,” ಎಂದ ಮೀಸೆಯಣ್ಣ. ಆದರೂ ಅವನೂ ಪಂಚೆ ಎತ್ತಿ ಕಟ್ಟಿ, ಗೆಳೆಯನ ಹಿಂದೆಯೇ ಓಡತೊಡಗಿದ.